ಕಲ್ನಾರು ಧೂಳು ಮತ್ತು ಮೀಸೋಥೀಲಿಯೋಮ ಕ್ಯಾನ್ಸರ್: ಹುಬ್ಬಳ್ಳಿ-ಧಾರವಾಡದ ಕಾರ್ಮಿಕರಿಗೆ ಮತ್ತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಆಸ್‌ಬೆಸ್ಟಾಸ್ ಎಂದು ಕರೆಯಲ್ಪಡುವ ಕಲ್ನಾರು ಎಳೆಎಳೆಯಾಗಿ ಬಿಡಿಸಬಹುದಾದ ಒಂದು ಖನಿಜ. ಶಾಖವನ್ನು ತಡೆಯುವ ಗುಣವುಳ್ಳದ್ದರಿಂದ ಇದನ್ನು ಬಾಯ್ಲರ್ ಮತ್ತು ಉಗಿಕೊಳವೆಗಳ ಹೊದಿಕೆ, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್ ಹಾಗೂ ಮೇಲ್ಛಾವಣಿಯ ಸಿಮೆಂಟ್ ಶೀಟುಗಳಲ್ಲಿ ಬಳಸುತ್ತ ಬರಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು ಬಿಳಿ ಕಲ್ನಾರು ಸೇರಿದಂತೆ ಇದರ ಎಲ್ಲ ಬಗೆಗಳನ್ನೂ ಕ್ಯಾನ್ಸರ್‌ಕಾರಕವೆಂದು ಪರಿಗಣಿಸಿದೆ. ಭಾರತದಲ್ಲಿ 1993ರಿಂದ ಕಲ್ನಾರು ಗಣಿ ಗುತ್ತಿಗೆಗಳ ನವೀಕರಣವನ್ನು ನಿಲ್ಲಿಸಲಾಗಿದ್ದರೂ, ಆಮದಾದ ಬಿಳಿ ಕಲ್ನಾರಿನಿಂದ ಶೀಟುಗಳ ತಯಾರಿಕೆ ಮುಂದುವರಿದಿದೆ.

2. ಹುಬ್ಬಳ್ಳಿ-ಧಾರವಾಡದಲ್ಲಿ ಈ ವಿಷಯದ ಮಹತ್ವ

ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರವು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಸ್ಥಾಪಿತವಾಯಿತು. ಉಗಿ ಎಂಜಿನ್‌ಗಳ ಯುಗದಲ್ಲಿ ಜಗತ್ತಿನಾದ್ಯಂತ ರೈಲ್ವೆ ಕಾರ್ಯಾಗಾರಗಳಲ್ಲಿ ಬಾಯ್ಲರುಗಳಿಗೆ ಕಲ್ನಾರಿನ ಹೊದಿಕೆ ಹಾಕುವುದು ಸಾಮಾನ್ಯ ಪದ್ಧತಿಯಾಗಿತ್ತು. ಆದುದರಿಂದ ಬಾಯ್ಲರ್, ಉಗಿಕೊಳವೆ ಅಥವಾ ಹಳೆಯ ಶಾಖನಿರೋಧಕ ಹೊದಿಕೆಗಳ ದುರಸ್ತಿಯಲ್ಲಿ ತೊಡಗಿದ್ದ ನಿವೃತ್ತ ನೌಕರರು, ಗಿರಣಿ ಕಾರ್ಮಿಕರು, ವಾಹನಗಳ ಬ್ರೇಕ್ ದುರಸ್ತಿಗಾರರು ಹಾಗೂ ಶೀಟು ಕತ್ತರಿಸುವ ಕಟ್ಟಡ ಕಾರ್ಮಿಕರು ಈ ಮಾಹಿತಿಯನ್ನು ಗಮನಿಸುವುದು ಅವಶ್ಯ.

3. ರೋಗದ ಸ್ವರೂಪ

ಉಸಿರಿನೊಂದಿಗೆ ಒಳಹೊಕ್ಕ ಸೂಕ್ಷ್ಮ ಎಳೆಗಳು ದೇಹದಲ್ಲಿ ಕರಗದೆ ದೀರ್ಘಕಾಲ ಉಳಿಯುತ್ತವೆ. ಇವುಗಳಿಂದ ಶ್ವಾಸಕೋಶ ಗಟ್ಟಿಯಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮ ಉಂಟಾಗಬಹುದು. ಮೀಸೋಥೀಲಿಯೋಮ ಎಂಬುದು ಶ್ವಾಸಕೋಶವನ್ನು ಆವರಿಸಿರುವ ಪೊರೆಯಲ್ಲಿ, ಕೆಲವೊಮ್ಮೆ ಉದರದ ಪೊರೆಯಲ್ಲಿ ಕಾಣಿಸಿಕೊಳ್ಳುವ ವಿರಳ ಆದರೆ ತೀವ್ರ ಸ್ವರೂಪದ ಕ್ಯಾನ್ಸರ್.

ಧೂಳಿನ ಸಂಪರ್ಕವಾದ ಸಾಮಾನ್ಯವಾಗಿ 20ರಿಂದ 40 ವರ್ಷಗಳ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ನಂತರ ಈ ಕ್ಯಾನ್ಸರ್ ಪ್ರಕಟವಾಗುತ್ತದೆ. ಅಷ್ಟು ಹೊತ್ತಿಗೆ ಕಾರ್ಮಿಕರು ನಿವೃತ್ತರಾಗಿರುತ್ತಾರೆ. ಕೆಲಸ ಮಾಡಿದ ಸಂಸ್ಥೆಯೇ ಮುಚ್ಚಿಹೋಗಿರಲೂಬಹುದು.

1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಪ್ರಕಟಿಸಿದ 33 ರೋಗಿಗಳ ವರದಿಯಲ್ಲಿ, ಗಣಿಯಲ್ಲಿ ದುಡಿಯದೆ ಗಣಿಪ್ರದೇಶದಲ್ಲಿ ಕೇವಲ ವಾಸವಾಗಿದ್ದವರೂ ಸೇರಿದ್ದರು. ಕಾರ್ಮಿಕರ ಬಟ್ಟೆಗೆ ಅಂಟಿದ ಧೂಳಿನಿಂದ ಮನೆಯವರಿಗೂ ಅಪಾಯವುಂಟು. ಧೂಮಪಾನಕ್ಕೂ ಮೀಸೋಥೀಲಿಯೋಮಕ್ಕೂ ಸಂಬಂಧ ಕಂಡುಬಂದಿಲ್ಲ. ಆದರೆ ಕಲ್ನಾರು ಧೂಳಿನ ಸಂಪರ್ಕವಿದ್ದವರು ಧೂಮಪಾನಿಗಳೂ ಆಗಿದ್ದಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹುಪಟ್ಟು ಹೆಚ್ಚುತ್ತದೆ.

4. ಲಕ್ಷಣಗಳು ಮತ್ತು ತಪಾಸಣೆ

ಏದುಸಿರು, ಎದೆಯ ಒಂದು ಪಾರ್ಶ್ವದಲ್ಲಿ ಬಿಡದ ನೋವು, ಒಣಕೆಮ್ಮು, ತೂಕ ಇಳಿಕೆ ಹಾಗೂ ಎದೆಯಲ್ಲಿ ನೀರು ತುಂಬುವಿಕೆ ಪ್ರಮುಖ ಲಕ್ಷಣಗಳು. ನಮ್ಮಲ್ಲಿ ಎದೆಯಲ್ಲಿ ನೀರು ತುಂಬಲು ಕ್ಷಯರೋಗವೂ ಸಾಮಾನ್ಯ ಕಾರಣವಾಗಿರುವುದರಿಂದ, ಹಿಂದೆ ಮಾಡಿದ ಕೆಲಸದ ವಿವರವನ್ನು ರೋಗಿಯು ತಾನಾಗಿಯೇ ವೈದ್ಯರಿಗೆ ತಿಳಿಸತಕ್ಕದ್ದು. ಎಕ್ಸ್-ರೇ ಮತ್ತು ಸಿ.ಟಿ. ಸ್ಕ್ಯಾನ್ ಸೂಚನೆ ನೀಡುತ್ತವೆಯಾದರೂ, ರೋಗವನ್ನು ದೃಢಪಡಿಸಲು ಪೊರೆಯ ಅಂಗಾಂಶದ ಬಯಾಪ್ಸಿ ಅಗತ್ಯ.

ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಪರಿಚಿತವಾದ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಿದೆ; ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ರೈಲ್ವೆ ನಿವೃತ್ತರು ರೈಲ್ವೆ ಆಸ್ಪತ್ರೆಯನ್ನು ಸಂಪರ್ಕಿಸಬಹುದು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ವೆಚ್ಚದ ಶೇ. 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ.

5. ಪರಿಹಾರದ ಹಕ್ಕು

1923ರ ನೌಕರರ ಪರಿಹಾರ ಅಧಿನಿಯಮದ ಮೂರನೆಯ ಅನುಸೂಚಿಯಲ್ಲಿ ಕಲ್ನಾರಿನಿಂದುಂಟಾಗುವ ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮ ಹಾಗೂ ಆಸ್‌ಬೆಸ್ಟೋಸಿಸ್‌ಗಳನ್ನು ಔದ್ಯೋಗಿಕ ರೋಗಗಳೆಂದು ಪಟ್ಟಿ ಮಾಡಲಾಗಿತ್ತು. ದಿನಾಂಕ 21-11-2025ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆ, 2020 ಈ ಅಧಿನಿಯಮದ ಸ್ಥಾನವನ್ನು ಪಡೆದಿದೆ; ಔದ್ಯೋಗಿಕ ರೋಗಕ್ಕೆ ಪರಿಹಾರ ಪಡೆಯುವ ಹಕ್ಕು ಅದರಲ್ಲಿಯೂ ಉಂಟು. ಕ್ಲೇಮು ಸಲ್ಲಿಸಲು ಕಾಲಮಿತಿ ಇರುವುದರಿಂದ ರೋಗ ಪತ್ತೆಯಾದ ಕೂಡಲೇ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ವಿಳಂಬವಾಗಿದ್ದಲ್ಲಿ ಅದರ ಕಾರಣವನ್ನು ಅರ್ಜಿಯಲ್ಲಿಯೇ ವಿವರಿಸತಕ್ಕದ್ದು.

ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ, ಕಲ್ನಾರು ಕಾರ್ಖಾನೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ನಿರ್ದೇಶಿಸಿದೆ.

6. ಕಾಪಾಡಿಕೊಳ್ಳಬೇಕಾದ ದಾಖಲೆಗಳು

ದಶಕಗಳ ಹಿಂದಿನ ಕೆಲಸವನ್ನು ಸಾಬೀತುಪಡಿಸಲು ಕಾಗದಪತ್ರಗಳೇ ಆಧಾರ. ಆದ್ದರಿಂದ ಆರೋಗ್ಯವಾಗಿರುವಾಗಲೇ ಕೆಳಕಂಡವುಗಳನ್ನು ಸಂಗ್ರಹಿಸಿಡುವುದು ಸೂಕ್ತ.

(ಅ) ನೇಮಕಾತಿ ಆದೇಶ, ಸೇವಾ ಪುಸ್ತಕದ ಪ್ರತಿ, ಗುರುತಿನ ಚೀಟಿ, ವೇತನ ಚೀಟಿ, ಭವಿಷ್ಯನಿಧಿ ಮತ್ತು ಇ.ಎಸ್.ಐ. ಸಂಖ್ಯೆ.
(ಆ) ಯಾವ ವಿಭಾಗದಲ್ಲಿ, ಯಾವ ವರ್ಷಗಳಲ್ಲಿ, ಯಾವ ಕೆಲಸ ಮಾಡಲಾಯಿತೆಂಬ ಲಿಖಿತ ವಿವರ. ಜೊತೆಗೆ ದುಡಿದವರ ಹೇಳಿಕೆ.
(ಇ) ಎಕ್ಸ್-ರೇ, ಸ್ಕ್ಯಾನ್ ಮತ್ತು ಬಯಾಪ್ಸಿ ವರದಿಗಳು.
(ಈ) ಕಾರ್ಮಿಕರು ಮೃತಪಟ್ಟಿದ್ದಲ್ಲಿ, ಅವಲಂಬಿತರು ಮರಣದ ಕಾರಣ ಕುರಿತ ವೈದ್ಯಕೀಯ ಪ್ರಮಾಣಪತ್ರವನ್ನೂ ಪಡೆದಿಟ್ಟುಕೊಳ್ಳತಕ್ಕದ್ದು.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಕೈಗಾರಿಕಾ ಕಾರ್ಮಿಕರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.

7. ಶೀಟಿನ ಮನೆಗಳಲ್ಲಿ ವಾಸಿಸುವವರಿಗೆ ಸೂಚನೆಗಳು

ಒಡೆಯದೆ ಗಟ್ಟಿಯಾಗಿರುವ ಶೀಟಿನಿಂದ ಎಳೆಗಳು ಹೊರಬೀಳುವುದು ಅತ್ಯಲ್ಪ. ಕತ್ತರಿಸಿದಾಗ, ಕೊರೆದಾಗ ಮತ್ತು ಒಡೆದಾಗ ಅಪಾಯ ಹೆಚ್ಚು. ಆದ್ದರಿಂದ:

(ಅ) ಶೀಟನ್ನು ಒಣಗಿರುವಾಗ ಕೊರೆಯಬಾರದು, ಯಂತ್ರದ ಗರಗಸದಿಂದ ಕತ್ತರಿಸಬಾರದು, ಬ್ರಷ್‌ನಿಂದ ಉಜ್ಜಬಾರದು.
(ಆ) ತೆಗೆಯುವಾಗ ನೀರಿನಿಂದ ತೋಯಿಸಿ, ಒಡೆಯದೆ ಇಡಿಯಾಗಿ ಇಳಿಸತಕ್ಕದ್ದು. ಮುಖಕ್ಕೆ ಕಟ್ಟುವ ಬಟ್ಟೆ ಈ ಎಳೆಗಳನ್ನು ತಡೆಯುವುದಿಲ್ಲ.
(ಇ) ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡತಕ್ಕದ್ದು. ಇವುಗಳನ್ನು ರಸ್ತೆಬದಿಯಲ್ಲಿ ಸುರಿಯದೆ, ವಿಲೇವಾರಿಯ ಬಗ್ಗೆ ನಗರಪಾಲಿಕೆಯಲ್ಲಿ ವಿಚಾರಿಸತಕ್ಕದ್ದು.
(ಈ) ಕೆಲಸದ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಂದಿಗೆ ಒಗೆಯಬಾರದು.

ಕಲ್ನಾರು ಧೂಳಿನ ಸಂಪರ್ಕಕ್ಕೆ ಬಂದವರೆಲ್ಲರಿಗೂ ಈ ರೋಗ ಬರುವುದಿಲ್ಲ. ಆದರೆ ನಿರಪಾಯಕರವೆಂದು ಹೇಳಬಹುದಾದ ಕನಿಷ್ಠ ಪ್ರಮಾಣವನ್ನು ವೈದ್ಯಶಾಸ್ತ್ರ ಗುರುತಿಸಿಲ್ಲ. ಹಿಂದೆ ಇಂತಹ ಕೆಲಸ ಮಾಡಿದವರು ಯಾವುದೇ ಆಸ್ಪತ್ರೆಗೆ ಹೋದಾಗಲೂ ಆ ವಿವರವನ್ನು ರೋಗಿಯ ದಾಖಲೆಯಲ್ಲಿ ಬರೆಯಿಸತಕ್ಕದ್ದು.