ಸೋಮಶರ್ಮನ ತಂದೆಯ ಗಡಿಗೆ

ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆ ನಮ್ಮಲ್ಲಿ ಮನೆಮಾತು. ಅದಕ್ಕೆ ಒಪ್ಪುವ ಕಥೆಯೊಂದು ಪಂಚತಂತ್ರದ ಐದನೆಯ ತಂತ್ರದಲ್ಲಿದೆ. ಬಡ ಬ್ರಾಹ್ಮಣನೊಬ್ಬನು ಭಿಕ್ಷೆಯ ಹುರಿಹಿಟ್ಟಿನಲ್ಲಿ ಉಂಡು ಮಿಕ್ಕುದನ್ನು ಗಡಿಗೆಗೆ ತುಂಬಿ, ಗೂಟಕ್ಕೆ ತೂಗುಹಾಕಿ, ಅದರ ಕೆಳಗೆ ಮಲಗಿ ಯೋಚಿಸುತ್ತಾನೆ. ಬರ ಬಂದರೆ ಈ ಹಿಟ್ಟಿಗೆ ನೂರು ರೂಪಕ. ಅದರಿಂದ ಎರಡು ಆಡು. ಬಳಿಕ ಹಸು, ಎಮ್ಮೆ, ಕುದುರೆ. ಆಮೇಲೆ ಮನೆ, ಮಡದಿ, ಸೋಮಶರ್ಮನೆಂಬ ಮಗ. ಮಗು ಅಂಬೆಗಾಲಿಟ್ಟು ಕುದುರೆಯ ಗೊರಸಿನ ಬಳಿಗೆ ಬರುತ್ತದೆ. ಎತ್ತಿಕೋ ಎಂದು ಕೂಗಿದರೆ ಕೆಲಸದಲ್ಲಿ ಮುಳುಗಿದ ಹೆಂಡತಿಗೆ ಕೇಳಿಸದು. ಸಿಟ್ಟಿನಿಂದ ಅವಳನ್ನು ಒದೆಯುತ್ತಾನೆ. ಗಡಿಗೆ ಒಡೆದು ಮೈಯೆಲ್ಲ ಹಿಟ್ಟಾಗುತ್ತದೆ.

ಈ ಕಥೆ ಬಹುದೂರ ನಡೆದಿದೆ. ಇರಾನಿನ ದೊರೆ ಖುಸ್ರು ಅನುಷಿರ್ವಾನನ ಕಾಲದಲ್ಲಿ (ಕ್ರಿ.ಶ. 531-579) ಬುರ್ಜೋಯ್ ಎಂಬ ವೈದ್ಯನು ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಂದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಗೆ ತಿರುಗಿಸಿ ‘ಕಲೀಲ ವ ದಿಮ್ನ’ ಎಂದು ಹೆಸರಿಟ್ಟನು. ಅಲ್ಲಿ ಗಡಿಗೆಯಲ್ಲಿರುವುದು ತುಪ್ಪ, ಜೇನು. ಇನ್ನೂ ಹುಟ್ಟದ ಮಗ ಮಾತು ಕೇಳದಿದ್ದರೆ ಹೀಗೆ ಹೊಡೆದೇನೆಂದು ತಪಸ್ವಿಯು ಎತ್ತಿದ ಕೋಲು ಅದಕ್ಕೆ ತಗಲುತ್ತದೆ. 1678ರಲ್ಲಿ ಫ್ರಾನ್ಸಿನ ಕವಿ ಲಾ ಫೊಂತೇನನ ಕೈಯಲ್ಲಿ ಅದು ಹಾಲಿನ ಕೊಡ ಹೊತ್ತ ಪೆರೆಟ್ ಎಂಬ ಹೆಣ್ಣಿನ ಕಥೆಯಾಯಿತು. ಅವಳು ಸಂತೋಷದಿಂದ ಜಿಗಿದಳು, ಹಾಲು ಚೆಲ್ಲಿತು. ಈ ದಾರಿಯನ್ನು ಹಿಂದಕ್ಕೆ ಹಿಡಿದು ನಡೆದು, ಪೆರೆಟ್‌ಳ ಮೂಲ ಭಾರತದಲ್ಲಿದೆಯೆಂದು 1870ರಲ್ಲಿ ಮ್ಯಾಕ್ಸ್ ಮುಲ್ಲರ್ ವಿವರಿಸಿದನು.

ತರಗತಿಯಲ್ಲಿ ಈ ಕಥೆ ಹೇಳಿದಾಗ ‘ಹಗಲುಗನಸು ಕಾಣಬೇಡಿ’ ಎಂದು ಮುಗಿಸುವುದು ಉಪಾಧ್ಯಾಯರಾದ ನಮ್ಮ ರೂಢಿ. ಕಥೆ ಹೇಳುವುದು ಅಷ್ಟೇ ಏನು? ಬ್ರಾಹ್ಮಣನ ಲೆಕ್ಕದಲ್ಲಿ ತಪ್ಪಿಲ್ಲ. ಎರಡು ಆಡಿನಿಂದ ಮೇಲೆ ಬಂದ ಮನೆಗಳು ಹಳ್ಳಿಗಳಲ್ಲಿ ಉಂಟು. ಹಸು ಬಂದಾಗ, ಮನೆ ಎದ್ದಾಗ, ಮಗು ಹುಟ್ಟಿದಾಗ ಗಡಿಗೆಗೆ ಏನೂ ಆಗಲಿಲ್ಲ. ಅದು ಒಡೆದದ್ದು ಕಾಲೆತ್ತಿದಾಗ. ಅವನ ಕಲ್ಪನೆ ಮೊದಲಾದದ್ದು ಊರಿನ ಬರವನ್ನು ಎದುರುನೋಡುತ್ತ. ಮುಗಿದದ್ದು ತನ್ನವಳನ್ನು ಒದೆಯುತ್ತ. ಅರಬ್ಬಿಯ ಕೋಲೂ ಇದೇ ಜಾತಿಯದು. ಪೆರೆಟ್ ಯಾರನ್ನೂ ಒದೆಯಲಿಲ್ಲ. ಅವಳ ಕವಿಯೂ ಅವಳನ್ನು ಹಳಿಯದೆ, ಕನಸು ಕಾಣುವವರ ಸಾಲಿನಲ್ಲಿ ತಾನೂ ನಿಂತನು.

ಬಡವರ ಮಕ್ಕಳ ಮುಂದೆ ಈ ಕಥೆ ಹೇಳುವಾಗ ಎಚ್ಚರವಿರಬೇಕು. ಕನಸು ಬೇಡವೆಂದರೆ ಅವರ ಗಡಿಗೆಯನ್ನು ನಾವೇ ಒಡೆದಂತೆ. ಕನಸಿನಲ್ಲಿಯೂ ಇನ್ನೊಬ್ಬರ ಮೇಲೆ ಕಾಲೆತ್ತಬೇಡ ಎಂದರೆ ಸಾಕು.