ನವಜಾತರ ಲಸಿಕೆಯ ಕಾಲನಿರ್ಣಯ

ಹೊಕ್ಕುಳಬಳ್ಳಿಯನ್ನು ಕತ್ತರಿಸುವುದಕ್ಕೆ ಮೊದಲೇ ಜಾತಕರ್ಮವನ್ನು ಮಾಡತಕ್ಕುದೆಂದು ಮನುಸ್ಮೃತಿಯು ವಿಧಿಸಿರುವುದು. ಕರ್ಮಕ್ಕೆ ಕಾಲವೂ ಒಂದು ಅಂಗವೆಂಬ ಈ ನ್ಯಾಯವು, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್-ಬಿ ರೋಗದ ಲಸಿಕೆಯ ಚರಿತ್ರೆಯಲ್ಲಿಯೂ ಕಂಡುಬರುವುದು.

ಈ ರೋಗದ ಕುರುಹೆಂದು ಬಳಿಕ ತಿಳಿದುಬಂದ ವಸ್ತುವನ್ನು ಅಮೆರಿಕದ ಬ್ಲೂಂಬರ್ಗ್ ಪಂಡಿತನು 1965ರಲ್ಲಿ ಪ್ರಕಟಪಡಿಸಿದನು. ರೋಗವು ಹೆರಿಗೆಯ ಕಾಲದಲ್ಲಿ ತಾಯಿಯಿಂದ ಶಿಶುವಿಗೆ ಅಂಟುವುದೆಂಬುದು 1970ರ ದಶಕದಲ್ಲಿ ತೈವಾನ್ ದ್ವೀಪದ ಪರಿಶೋಧನೆಗಳಿಂದ ದೃಢಪಟ್ಟಿತು. ವಯಸ್ಕರಿಗೆ ಅಂಟಿದ ಸೋಂಕು ನೂರಕ್ಕೆ 95ಕ್ಕೂ ಹೆಚ್ಚು ಮಂದಿಯನ್ನು ಬಿಟ್ಟುಹೋಗುವುದು. ಹುಟ್ಟಿನಲ್ಲಿ ಅಂಟಿದುದಾದರೋ ನೂರಕ್ಕೆ ಸುಮಾರು 90 ಶಿಶುಗಳಲ್ಲಿ ನೆಲೆನಿಂತು, ಮುಂದೆ ಯಕೃತ್ತಿನ ಅರ್ಬುದಕ್ಕೆ ಕಾರಣವಾಗಬಲ್ಲುದು. ತೈವಾನಿನವರು 1984ರಲ್ಲಿ ಸೋಂಕುಳ್ಳ ತಾಯಂದಿರ ಶಿಶುಗಳಿಗೂ, 1986ರಲ್ಲಿ ಸಮಸ್ತ ನವಜಾತರಿಗೂ ಲಸಿಕೆಯನ್ನು ವಿಧಿಸಿದರು. ಅಲ್ಲಿಯ ಮಕ್ಕಳಲ್ಲಿ ಆ ಅರ್ಬುದವು ಇಳಿಮುಖವಾಯಿತು. ಸೋಂಕು ಬೇರೂರುವುದಕ್ಕೆ ಮೊದಲೇ, ಜನನದಿಂದ 24 ಗಂಟೆಗಳೊಳಗೆ, ಲಸಿಕೆಯನ್ನು ಕೊಡತಕ್ಕುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸೂಚಿಸಿತು. ಭಾರತದ ನಿಯಮವೂ ಅದೇ.

ಆದರೂ ಆಸ್ಪತ್ರೆಯಲ್ಲಿಯೇ ಹುಟ್ಟಿದ ಶಿಶುವಿಗೂ ಈ ಕಾಲವು ತಪ್ಪುವುದುಂಟು. ಕಲಸಿದ ಬಿ.ಸಿ.ಜಿ. ಸೀಸೆಯನ್ನು 4 ಗಂಟೆಗಳಲ್ಲಿ ಮುಗಿಸಬೇಕಾದುದರಿಂದ, ಹಲವು ಶಿಶುಗಳು ಸೇರುವವರೆಗೆ ಕಾಯುವ ವಾಡಿಕೆಯುಂಟು. ಹೆಪಟೈಟಿಸ್ ಲಸಿಕೆಗೂ ಹೀಗೆಯೇ ಕಾಯುವುದು, ಒಂದರ ವಿಧಿಯನ್ನು ಮತ್ತೊಂದಕ್ಕೆ ಹೊರಿಸುವ ಅಸ್ಥಾನದ ಅತಿದೇಶವೇ ಸರಿ. ಅದರ ತೆರೆದ ಸೀಸೆಯನ್ನು ತಕ್ಕ ಶೈತ್ಯದಲ್ಲಿಟ್ಟು 28 ದಿನಗಳವರೆಗೆ ಬಳಸಲು ಭಾರತ ಸರ್ಕಾರದ ಅನುಮತಿಯಿರುವುದು. ಆದುದರಿಂದ ಈ ಲಸಿಕೆಯು ಹೆರಿಗೆಯ ಕೋಣೆಯ ಬಳಿಯಲ್ಲಿಯೇ ಇರತಕ್ಕುದು. ರಾತ್ರಿಯಾಗಲಿ ರಜಾದಿನವಾಗಲಿ, ಹೆರಿಗೆ ಮಾಡಿಸಿದವರೇ ಅದನ್ನು ಹಾಕತಕ್ಕುದು. ಮಿಕ್ಕ ಲಸಿಕೆಯು ಹಾಳಾದರೆ ಬೇರೊಂದು ಸೀಸೆಯು ದೊರೆವುದು; ಕಳೆದ ಮೊದಲ ದಿನವು ಶಿಶುವಿಗೆ ಮರಳಿ ದೊರೆಯದು.