ಚಿತ್ರ ಆಮೇಲೆ, ಅಕ್ಷರ ಮೊದಲು: ನಿಧಾನ ನೆಟ್‌ಗೆ ಬ್ರೌಸರ್ ಕಂಡುಕೊಂಡ ದಾರಿಗಳು

ಪುಟ ತೆರೆಯದೆ ಚಕ್ರ ತಿರುಗುತ್ತಲೇ ಇದ್ದರೆ ನಾವು ಬೈಯುವುದು ಟವರ್‌ಗೆ. ಆದರೆ ಬ್ರೌಸರ್ ಹುಟ್ಟಿದ್ದೇ ನಿಧಾನ ನೆಟ್‌ನ ಕಾಲದಲ್ಲಿ. ಆಗಿನ ಕೆಲವು ಉಪಾಯಗಳು ಇಂದಿಗೂ ನಮ್ಮ ಫೋನಿನೊಳಗಿವೆ. ಅವು ಯಾಕೆ ಬಂದವು ಅಂತ ಗೊತ್ತಿದ್ದರೆ, ಅರ್ಜಿ ಹಾಕುವ ಕೊನೇ ದಿನ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದೂ ಗೊತ್ತಾಗುತ್ತದೆ.

1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಲಿಂಕ್ಸ್ ಎಂಬ ಬ್ರೌಸರ್ ತಯಾರಾಯಿತು. ಅದರಲ್ಲಿ ಬರೀ ಅಕ್ಷರ, ಚಿತ್ರವೇ ಇಲ್ಲ. ಮರುವರ್ಷ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದ ಮೊಸಾಯಿಕ್, ಬರಹದ ನಡುವೆಯೇ ಚಿತ್ರ ತೋರಿಸಿ ಜನಪ್ರಿಯವಾಯಿತು. ಚಿತ್ರದ ಜೊತೆಗೇ ಕಾಯುವ ಕಷ್ಟವೂ ಬಂತು.

ಭಾರತದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಫೋನ್ ಲೈನಿನಲ್ಲಿ ಸೆಕೆಂಡಿಗೆ 9.6 ಕಿಲೋಬಿಟ್ ವೇಗ ಅಂದರೆ, 60 ಕೆಬಿಯ ಒಂದು ಚಿತ್ರಕ್ಕೆ ಸುಮಾರು 50 ಸೆಕೆಂಡ್. ಅಕ್ಷರ ಮಾತ್ರ ಕಾಣುವ ಅಗ್ಗದ ಖಾತೆಗಳೂ ಆಗ ಇದ್ದವು.

1994ರ ನೆಟ್‌ಸ್ಕೇಪ್, ಇಡೀ ಪುಟ ಬರುವವರೆಗೆ ಕಾಯದೆ ಬಂದಷ್ಟನ್ನು ತೋರಿಸುತ್ತಿತ್ತು. ಚಿತ್ರ ಬೇಡವೆಂದರೆ ನಿಲ್ಲಿಸಬಹುದಿತ್ತು. ಒಮ್ಮೆ ತಂದ ಚಿತ್ರವನ್ನು ಕಂಪ್ಯೂಟರಿನಲ್ಲೇ ಎತ್ತಿಟ್ಟುಕೊಂಡು ಮತ್ತೆ ಬಳಸುತ್ತಿತ್ತು. ಇದೇ ಕ್ಯಾಶೆ. ನೆಟ್ ನಿಧಾನವಾದಾಗ ಹಲವರು ಮೊದಲು ಮಾಡುವುದು ಕ್ಯಾಶೆ ಅಳಿಸುವ ಕೆಲಸ. ಅದು ತುಂಬಿಟ್ಟ ಹಂಡೆ ಚೆಲ್ಲಿ ಮತ್ತೆ ಬಾವಿಗೆ ಹೋದಂತೆ. ಎಲ್ಲವೂ ಮೊದಲಿಂದ ಬರಬೇಕಾಗುತ್ತದೆ. ಪುಟ ಹಳೆಯದನ್ನೇ ತೋರಿಸುತ್ತಿದ್ದರೆ ಅಥವಾ ಕೆಟ್ಟುಹೋಗಿ ನಿಂತಿದ್ದರೆ ಮಾತ್ರ ಅಳಿಸಿ.

2005ರಲ್ಲಿ ನಾರ್ವೆಯ ಕಂಪನಿ ಒಪೆರಾ ಮಿನಿ ತಂದಿತು. ಪುಟ ಮೊದಲು ಅವರ ಸರ್ವರ್‌ಗೆ ಹೋಗಿ, ಹಿಂಡಿ ಹಗುರಾಗಿ, ಆಮೇಲೆ ಫೋನಿಗೆ ಬರುತ್ತಿತ್ತು. ಕೀಪ್ಯಾಡ್ ಫೋನಿನಲ್ಲೂ ಓಡಿದ್ದು ಹೀಗೆ. ಸುದ್ದಿ ಓದಲು ಇಂದಿಗೂ ಇದು ಒಳ್ಳೆಯದು. ಆದರೆ ಪುಟ ಮಧ್ಯದಲ್ಲಿ ಇನ್ನೊಬ್ಬರ ಸರ್ವರ್‌ನಲ್ಲಿ ತೆರೆದುಕೊಳ್ಳುವುದರಿಂದ, ಅತಿ ಹೆಚ್ಚು ಉಳಿತಾಯದ ಆಯ್ಕೆ ಇಟ್ಟುಕೊಂಡು ಬ್ಯಾಂಕ್ ಕೆಲಸ ಮಾಡಬೇಡಿ.

2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಕ್ರೋಮ್‌ನಲ್ಲಿದ್ದ ಡೇಟಾ ಉಳಿಸುವ ಲೈಟ್ ಮೋಡ್ 2022ರಲ್ಲಿ ಹೋಯಿತು. ಈಗ 2 ಎಂಬಿಯ ಪುಟ ಸಾಮಾನ್ಯ. ದಿನದ ಡೇಟಾ ಮುಗಿದು ವೇಗ 64 ಕಿಲೋಬಿಟ್‌ಗೆ ಇಳಿದರೆ ಅಂಥ ಒಂದು ಪುಟಕ್ಕೇ ನಾಲ್ಕು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಸೈಟ್ ನಿಮ್ಮನ್ನು ಲಾಗ್‌ಔಟ್ ಮಾಡಿರಬಹುದು.

ಹಾಗಾಗಿ ಅರ್ಜಿ ತುಂಬುವ ಮುನ್ನ ದಿನದ ಡೇಟಾ ಎಷ್ಟು ಉಳಿದಿದೆ ನೋಡಿ. ಬೇರೆ ಟ್ಯಾಬ್ ಮುಚ್ಚಿ, ಆ್ಯಪ್‌ಗಳ ಅಪ್‌ಡೇಟ್ ನಿಲ್ಲಿಸಿ. ಅಪ್‌ಲೋಡ್ ಮಾಡುವ ಫೋಟೋ, ದಾಖಲೆಗಳನ್ನು ಮೊದಲೇ ಚಿಕ್ಕದು ಮಾಡಿಟ್ಟುಕೊಳ್ಳಿ. ಹಣ ಕಟ್ಟುವಾಗ ಪುಟ ನಿಂತರೆ ರಿಫ್ರೆಶ್ ಒತ್ತಬೇಡಿ. ಖಾತೆಯಿಂದ ದುಡ್ಡು ಹೋಗಿದೆಯೇ ಅಂತ ಮೊದಲು ನೋಡಿ.

ಇಷ್ಟು ನಮ್ಮ ಕೈಯಲ್ಲಿದೆ. ಅರ್ಜಿಯ ಪುಟಕ್ಕೆ ಓಡುವ ಚಿತ್ರ, ದೊಡ್ಡ ಬ್ಯಾನರ್ ಬೇಕೇ ಅನ್ನುವುದು ಮಾತ್ರ ಪುಟ ಕಟ್ಟುವವರ ಕೈಯಲ್ಲಿದೆ. ಅಕ್ಷರ ಮೊದಲು ಬರಲಿ ಎಂಬ ಬುದ್ಧಿ 30 ವರ್ಷದ ಹಿಂದೆಯೇ ಇತ್ತು. ಅದನ್ನು ಅವರಿಂದ ಕೇಳುವ ಹಕ್ಕು ನಮಗಿದೆ.